ಹಾಲಪ್ಪ ಶೂ ಜೋಡಿಸಿದ ಭಾನುವಾರ

ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಯಲ್ಲಿ ‘ನಮ್ಮ ನಡುವಿನವರು’ ಎಂಬ ಹೊಸ ಅಂಕಣವಂತೆ. ಸಂಪಾದಕಿ ಗಾನವಿಗೆ ಇನ್ನೂ ಮೂವತ್ತು ದಾಟಿಲ್ಲ, ಆಗಲೇ ನನಗೆ ಗಡುವು ಹಾಕುತ್ತಾಳೆ. “ಅನಂತರಾಮ್ ಅಂಕಲ್, ಹಾಲಪ್ಪ ಅವ್ರ ಬಗ್ಗೆ ನೀವೇ ಬರೀಬೇಕು. ನೀವಿಬ್ರೂ ಆ ಜಪಾನೀಸ್ ಡ್ರಮ್ ಕೋರ್ಸಿಗೆ ಒಟ್ಟಿಗೆ ಹೋಗಿದ್ರಲ್ಲ! ಪಾಸಿಟಿವ್ ಆಗಿರ್ಲಿ, ಒಂದು ಪೇಜ್ ಸಾಕು,” ಎಂದಳು. ಪಾಸಿಟಿವ್ ಅಂತೆ, ಮಣ್ಣಾಂಗಟ್ಟಿ! ಇದನ್ನು ಅವಳು ಅಚ್ಚು ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯಲು ಕೂತಿದ್ದೇನೆ.

ಹಾಲಪ್ಪನನ್ನು ನೀವೆಲ್ಲ ನೋಡಿದ್ದೀರಿ, ಆದರೆ ಗಮನಿಸಿಲ್ಲ. ಯುಗಾದಿ ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಮಡಚಿ ಜೋಡಿಸುವವನು, ಬಿಸಿಬೇಳೆಬಾತಿನ ತಳ ಹಿಡಿದ ಪಾತ್ರೆ ಉಜ್ಜುವವನು ಅವನೇ. ಊರು ಹಿರೇಕೆರೂರಿನ ಹತ್ತಿರದ ಒಂದು ಹಳ್ಳಿ. ಡಿಪ್ಲೊಮಾ ಓದಿ, ಹತ್ತು ವರ್ಷದಿಂದ ಇಲ್ಲಿ ಡಚ್ಚರ ನಾಡಿನಲ್ಲಿ, ನೈಮೆಗನ್ ಊರಿನ ಚಿಪ್ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತಾನೆ. ಮಗಳಿಗೆ ಹದಿಮೂರಾದರೂ ಅವನ ಸೈಕಲ್ಲಿನ ಹಿಂದೆ ಅವಳು ಪುಟ್ಟವಳಿದ್ದಾಗಿನ ಸೀಟು ಇನ್ನೂ ಹಾಗೇ ಇದೆ. ವೇದಿಕೆಗೆ ಬಾ ಎಂದು ಅವನನ್ನು ಯಾರೂ ಕರೆದಿಲ್ಲ. ಹನ್ನೊಂದು ವರ್ಷ ಮೈಸೂರಿನಲ್ಲಿ ಮೃದಂಗ ಕಲಿತ, ಆಮ್ಸ್ಟೆಲ್‌ವೀನ್‌ನ ಪ್ರತಿ ಗಣೇಶ ಹಬ್ಬದಲ್ಲೂ ವೇದಿಕೆ ಹತ್ತುವ ನಾನೂ ಕರೆದಿಲ್ಲ.

ಕಳೆದ ವರ್ಷ ಅಕ್ಟೋಬರಿನ ಶಾಲಾ ರಜೆಯಲ್ಲಿ, ನೈಮೆಗನ್ನಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ತೋಟದ ಮನೆಯಲ್ಲಿ, ಏಳು ದಿನ ಅಲ್ಲೇ ಉಳಿದು ತೈಕೊ ಕಲಿಯುವ ಶಿಬಿರವಿತ್ತು. ತೈಕೊ ಎಂದರೆ ಜಪಾನಿನ ನಗಾರಿ. ನಾನು ಹೆಸರು ಕೊಟ್ಟು, ಸಂಘದ ವಾಟ್ಸಾಪ್ ಗುಂಪಿನಲ್ಲಿ ಜಂಬದಿಂದ ಹಾಕಿದೆ. ಐದು ನಿಮಿಷಕ್ಕೆ ಹಾಲಪ್ಪನ ಫೋನು. “ಸರ್, ನಾನೂ ಬರ್ಲಾ? ನಮ್ಮಂಥವ್ರನ್ನ ತಗೊಂತಾರೇನ್ರಿ?” ಬಾ ಎಂದೆ. ಅವನಿಗೆ ಮೊದಲ ಮಾತಿನಿಂದಲೇ ನಾನು ‘ನೀನು’ ಎಂದೆ, ಅವನು ಕೊನೆಯವರೆಗೂ ನನಗೆ ‘ನೀವು’ ಎಂದ.

ಸೋಮವಾರ ಬೆಳಿಗ್ಗೆ ನೈಮೆಗನ್ ಸ್ಟೇಷನ್ನಿನಲ್ಲಿ ಎರಡು ಕೊಡೆ ಹಿಡಿದು ನಿಂತಿದ್ದ. ಒಂದು ನನಗೆ. ಬಸ್ಸಿನಲ್ಲಿ ಫೋನು ತೆಗೆದು ಒಂದು ವಿಡಿಯೋ ತೋರಿಸಿದ. ಮನೆಯ ಮುಂದಿನ ಅಂಗಳದಲ್ಲಿ ಒಬ್ಬ ಮುದುಕ, ಸೊಂಟಕ್ಕೆ ಬಿಗಿದ ಡೊಳ್ಳು, ಬಲಗೈಯಲ್ಲಿ ಕೋಲು, ಎಡಗೈ ಬರಿ ಅಂಗೈ. ಎಂಥಾ ಹೊಡೆತ ಅಂತೀರಿ! ಆ ಚಿಕ್ಕ ಫೋನಿನ ಕೀರಲು ಸ್ಪೀಕರಿನಲ್ಲೂ ನನ್ನ ಎದೆ ಒಮ್ಮೆ ಹಾರಿತು.

“ನಮ್ಮಪ್ಪರಿ. ಹೋಗಿ ಎರಡು ವರ್ಷ ಆತು. ನಾನೂ ಹದಿನೆಂಟು ವರ್ಷದ ತನಕ ಬಾರ್ಸೀನಿ.”

“ಮಗಳಿಗೆ ತೋರಿಸಿದೀಯಾ?”

“ಒಮ್ಮೆ ತೋರ್ಸಿದ್ದೆ. ಹತ್ತು ಸೆಕೆಂಡ್ ನೋಡಿ ‘ಪಪ್ಪಾ, ಸೋ ಕ್ರಿಂಜ್’ ಅಂದು ವಾಪಸ್ ಕೊಟ್ಳು. ಯಾರು ಅಂತನೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.” ಅವನು ಫೋನಿನ ಗಾಜನ್ನು ಅಂಗಿಯ ತೋಳಿನಿಂದ ಒರೆಸಿದ. “ಅಕಿ ಸಾಲಿ ಗೇಟಿಗೆ ನಾನು ಹೋಗಂಗಿಲ್ರಿ ಸರ್, ಮೂಲ್ಯಾಗ ನಿಂತಿರಬೇಕು. ಆದ್ರ ನಮ್ಮ ನಿಸರ್ಗಾಗ ಜಪಾನಿಂದು ಅಂದ್ರ ಪ್ರಾಣ. ಅವ್ರ ಕಾರ್ಟೂನು, ಅವ್ರ ಭಾಷಾ, ಎಲ್ಲಾ. ಭಾನುವಾರ ಮನಿಯವ್ರನ್ನ ಕರಸ್ತಾರಂತಲ್ಲ, ಆವತ್ತು ಆ ದೊಡ್ಡ ಡ್ರಮ್ಮಿನ ಮುಂದ ಒಮ್ಮೆ ನನ್ನ ನೋಡ್ಲಿ. ಆಮ್ಯಾಲೆ ಇದನ್ನ ತೋರಸ್ತೀನಿ. ನೋಡವಾ, ಇದೂ ಅದೇ, ಇವ ನಿಮ್ಮಜ್ಜ ಅಂತೀನಿ.”

ಅವನಿಗೆ ಬೇಕಿದ್ದದ್ದು ಇಷ್ಟೇ. ನಾನು ಏನಂದೆ ಗೊತ್ತೇ? “ನಿಮ್ಮದು ಗುಡಿ ಮುಂದೆ ಕುಣಿಯೋರ ವಾದ್ಯ ಕಣೋ. ಇದಕ್ಕೆ ಲಯಜ್ಞಾನ ಬೇಕಾಗತ್ತೆ,” ಎಂದೆ. “ಹೌದ್ರಿ ಸರ್, ನೀವು ಕಲ್ತವ್ರು,” ಎಂದು ನಕ್ಕ.

ಹಿಂದೆ ದನ ಕಟ್ಟುತ್ತಿದ್ದ ಉದ್ದನೆಯ ಕೊಟ್ಟಿಗೆಗೆ ಮರದ ನೆಲ ಹಾಕಿಸಿ ಹಾಲ್ ಮಾಡಿದ್ದರು. ಗುರು ಯಾನ್ನೆಕೆ, ಅರವತ್ತರ ಡಚ್ ಹೆಂಗಸು, ಹದಿನಾಲ್ಕು ವರ್ಷ ಜಪಾನಿನಲ್ಲಿ ಇದ್ದು ಬಂದವಳು. ಕತ್ತರಿಸಿದ ಬಿಳಿ ಕೂದಲು, ಮುಖದಲ್ಲಿ ನಗುವಿನ ಪಸೆಯಿಲ್ಲ. ಬಾಗಿಲಲ್ಲೇ ಬುಟ್ಟಿ ಹಿಡಿದು ನಮ್ಮ ಹನ್ನೊಂದು ಜನರ ಫೋನು ಇಸಿದುಕೊಂಡಳು, ಭಾನುವಾರ ಸಂಜೆಗೇ ವಾಪಸ್ಸು. ಶೂ ಬಿಚ್ಚಿ, ಮೂತಿ ಬಾಗಿಲಿನ ಕಡೆಗಿರುವಂತೆ ಸಾಲಾಗಿ ಇಡಬೇಕು. ನನ್ನದು ಬೆರಳಗಲ ಸೊಟ್ಟಗಿತ್ತೆಂದು ಅಂಗಳಕ್ಕೆ ಎಸೆದಳು. ಮಳೆ ಬರುತ್ತಿತ್ತು. ಐವತ್ನಾಲ್ಕು ವರ್ಷದ ಮನುಷ್ಯ ನಾನು, ಕಾಲುಚೀಲದಲ್ಲಿ ಹೋಗಿ ಹೆಕ್ಕಿಕೊಂಡು ಬಂದೆ.

ಬೆಳಿಗ್ಗೆ ಆರಕ್ಕೆ ನೆಲ ಒರೆಸಬೇಕು. ಕೂತು ಒರೆಸುವುದಲ್ಲ, ಒದ್ದೆ ಬಟ್ಟೆಯ ಮೇಲೆ ಎರಡೂ ಕೈ ಊರಿ, ಸೊಂಟ ಎತ್ತಿ, ಹಾಲಿನ ಈ ತುದಿಯಿಂದ ಆ ತುದಿಗೆ ಓಡುವುದು. ನನ್ನ ಮಂಡಿ ಮೊದಲ ದಿನವೇ ಕೈಕೊಟ್ಟಿತು. ಹಾಲಪ್ಪ ಕರುವಿನ ಹಾಗೆ ಓಡಿದ, ಆಮೇಲೆ ನನ್ನ ಪಾಲಿನದನ್ನೂ ಒರೆಸಿದ. “ನೀವು ಬಿಡ್ರಿ ಸರ್, ಯಾರೂ ನೋಡಂಗಿಲ್ಲ,” ಎಂದ. ಮಾಡಿಸಿಕೊಂಡೆ, ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಬಾರಿಸುವಾಗ ಮಾತ್ರ ಅವನ ಗ್ರಹಚಾರ ಕೆಟ್ಟಿತು. ತೈಕೊಗೆ ಎರಡೂ ಕೈಯಲ್ಲಿ ದಪ್ಪ ಕೋಲು ಇರಬೇಕು. ಅವನ ಎಡಗೈಗೆ ಕೋಲು ಹಿಡಿದು ಅಭ್ಯಾಸವೇ ಇಲ್ಲ. ಲಯ ಬಿಗಿಯಾಗುತ್ತಿದ್ದಂತೆ ಆ ಅಂಗೈ ತಾನಾಗಿ ತೆರೆದುಕೊಳ್ಳುತ್ತಿತ್ತು, ಕೋಲು ನೆಲಕ್ಕೆ ಬೀಳುತ್ತಿತ್ತು, ಬರಿ ಅಂಗೈ ತೈಕೊದ ಚರ್ಮಕ್ಕೆ ಬೀಳುತ್ತಿತ್ತು. ಯಾನ್ನೆಕೆ ಎಲ್ಲರನ್ನೂ ನಿಲ್ಲಿಸುವಳು. ಅವನು ಬಿದ್ದ ಕೋಲಿನ ಮುಂದೆ ಮಂಡಿಯೂರಿ, ಹಣೆ ನೆಲಕ್ಕೆ ತಾಗಿಸಿ, ಕ್ಷಮೆ ಕೇಳಿ ಎತ್ತಿಕೊಳ್ಳಬೇಕು. ಮಂಗಳವಾರ ಒಂದೇ ದಿನ ಇಪ್ಪತ್ಮೂರು ಸಲ. ಎಣಿಸಿದವನು ನಾನೇ, ಪಕ್ಕದವರಿಗೆ ಬೆರಳಲ್ಲಿ ತೋರಿಸಿ ನಗಿಸಿದವನೂ ನಾನೇ.

ಬುಧವಾರ ಅವನನ್ನು ಸಾಲಿನಿಂದಲೇ ತೆಗೆದಳು. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿಸಿ, ಒಂದು ಹಳೆಯ ಲಾರಿ ಟೈರಿನ ಮುಂದೆ ನಿಲ್ಲಿಸಿದಳು. “ನಿನ್ನ ಎಡಗೈ ಹುಟ್ಟೇ ಇಲ್ಲ. ಹುಟ್ಟುವವರೆಗೆ ಇದನ್ನು ಹೊಡಿ,” ಎಂದಳು. ಬೆಳಿಗ್ಗೆ ಎರಡು ಗಂಟೆ, ಮಧ್ಯಾಹ್ನ ಮೂರು ಗಂಟೆ, ಬರೀ ಎಡಗೈಯಲ್ಲಿ. ಅಂಗೈ ಬೊಬ್ಬೆ ಬಂದು ಒಡೆದು ಕೋಲಿಗೆ ರಕ್ತ ಹತ್ತಿತು. ಅವಳು ಕೋಲು ನೋಡಿ, “ಇದನ್ನು ತೊಳಿ,” ಎಂದಳು. ಕೈ ನೋಡಲಿಲ್ಲ.

ಅಂದು ಊಟದ ಮೇಜಿನಲ್ಲಿ ನಾನು ಎಲ್ಲರಿಗೂ ಅವನ ಊರಿನ ಕಥೆ ಹೇಳಿದೆ. ಬಸ್ಸಿನಲ್ಲಿ ಅವನೇ ನನಗೆ ಹೇಳಿದ್ದು: ಮಳೆಗಾಲದಲ್ಲಿ ಡೊಳ್ಳಿನ ಚರ್ಮ ಮೆತ್ತಗಾದರೆ ಹುಲ್ಲಿಗೆ ಬೆಂಕಿ ಹಚ್ಚಿ ಕಾಯಿಸಿ, ಬಿಗಿ ಬಂದ ಮೇಲೆ ಬಾರಿಸುತ್ತಾರೆ ಎಂದು. ನಾನು ಅದಕ್ಕೆ ಉಪ್ಪು ಖಾರ ಹಚ್ಚಿ, “ಇವರು ಡ್ರಮ್ಮನ್ನು ಹಪ್ಪಳದ ಹಾಗೆ ಸುಡುತ್ತಾರೆ, ಸುಟ್ಟು ಬಾರಿಸುತ್ತಾರೆ,” ಎಂದು ಇಂಗ್ಲಿಷಿನಲ್ಲಿ ಅಭಿನಯಿಸಿ ತೋರಿಸಿದೆ. ಮೇಜೆಲ್ಲ ಬಿದ್ದು ಬಿದ್ದು ನಕ್ಕಿತು. ಯಾನ್ನೆಕೆ ಮಾತ್ರ ನಗದೆ ಹಾಲಪ್ಪನನ್ನೇ ನೋಡಿದಳು. ಅವನು ಬ್ಯಾಂಡೇಜಿನ ಕೈಯಲ್ಲಿ ಚಮಚ ಹಿಡಿದು ತಾನೂ ನಕ್ಕ.

ಪಾತ್ರೆ ತೊಳೆಯುವಾಗ ನನಗೆ ಮೆಲ್ಲಗೆ ಹೇಳಿದ, “ಸರ್, ನಮ್ದು ಹಗ್ಗದ ಬಿಗಿ. ಹೆಚ್ಚಾದ್ರ ಸಡ್ಲ ಮಾಡಬಹುದು. ಇವ್ರದು ಸುತ್ತಾ ಮೊಳೆ ಹೊಡದಾರ. ಇದಕ್ಕ ಬೆಂಕಿ ಹತ್ರ ತರಬಾರದ್ರಿ, ಚರ್ಮ ಜಗ್ಗಿ ಹರದು ಹೋಗತೈತಿ.” ನಾನು ಹ್ಞೂಂ ಎಂದೆ. ಕೇಳಿಸಿಕೊಂಡೆ, ಚೆನ್ನಾಗಿಯೇ ಕೇಳಿಸಿಕೊಂಡೆ.

ಗುರುವಾರ ಸಂಜೆ ಅವನ ಎಡಗೈ ಹುಟ್ಟಿತು. ಯಾನ್ನೆಕೆ ಅವನನ್ನು ಟೈರಿನಿಂದ ಕರೆದು, ಹಾಲಿನ ನಡುವಿನ ದೊಡ್ಡ ತೈಕೊ ಕಡೆಗೆ ಕೈ ತೋರಿಸಿದಳು. ಒಂದೇ ಮರದ ಬೊಡ್ಡೆ ಕೊರೆದು ಮಾಡಿದ್ದು, ಆಳೆತ್ತರದ ಮುಖ, ಅಡ್ಡಲಾಗಿ ಕಟ್ಟೆಯ ಮೇಲೆ ಕೂತಿತ್ತು. ಹಾಲಪ್ಪ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಕಾಲಗಲಿಸಿ ನಿಂತು ಹೊಡೆದ.

ಹನ್ನೊಂದು ವರ್ಷ ಕಲಿತದ್ದು, ಗಣೇಶನ ಮುಂದೆ ಬಾರಿಸಿದ್ದು, ಎಲ್ಲ ನನಗೆ ಕಸದ ಹಾಗೆ ಕಂಡಿತು. ನೆಲ ನಡುಗಿತು, ಕಿಟಕಿಯ ಗಾಜು ನಡುಗಿತು. ಒಬ್ಬಳು ಡಚ್ ಹುಡುಗಿ ಅಳತೊಡಗಿದಳು. ನನಗೆ ಹೊಟ್ಟೆಕಿಚ್ಚಾಯಿತು. ಸುತ್ತಿ ಬಳಸಿ ಹೇಳುವುದೇನು, ಹೊಟ್ಟೆಗೆ ಕೆಂಡ ಹಾಕಿದ ಹಾಗೆ ಹೊಟ್ಟೆಕಿಚ್ಚು.

ಶುಕ್ರವಾರ ಯಾನ್ನೆಕೆ ಪ್ರಕಟಿಸಿದಳು. ಭಾನುವಾರ ದೊಡ್ಡ ತೈಕೊ ಒಬ್ಬರಿಗೆ ಮಾತ್ರ. ಹಾಲಪ್ಪ, ಅಥವಾ ಉಳಿದವರಲ್ಲಿ ಲಯ ತಪ್ಪದ ಅನಂತರಾಮ. ಶನಿವಾರ ಮಧ್ಯಾಹ್ನದ ಊಟದ ನಂತರ ಇಬ್ಬರೂ ಬಾರಿಸಿದ್ದನ್ನು ಕೇಳಿ ನಿರ್ಧಾರ, ಮೊದಲು ನಾನು. ಅಂದು ಅವನು ತಟ್ಟೆಯ ಅಂಚಿನ ಮೇಲೆ ಎಡಗೈ ಬೆರಳು ಆಡಿಸುತ್ತ, “ಸರ್, ನೀವ ಬಾರಸ್ರಿ ಬೇಕಾರ. ನನಗ ಹಿಂದಿನ ಸಾಲಿನಾಗ ಒಂದು ಸಣ್ಣದು ಸಿಕ್ರೂ ಸಾಕು. ಅಕಿ ನೋಡಿದ್ರ ಆತು,” ಎಂದ. ಆ ಮಾತು ನನಗೆ ಇನ್ನಷ್ಟು ಉರಿಸಿತು. ಇವನು ನನಗೆ ಬಿಟ್ಟುಕೊಡುತ್ತಾನಂತೆ!

ಶನಿವಾರ ಬೆಳಗಿನಿಂದಲೇ ಜಡಿಮಳೆ. ತೇವಕ್ಕೆ ದೊಡ್ಡ ತೈಕೊ ದನಿ ಕಟ್ಟಿತ್ತು. ನನ್ನ ತೋಳಿನ ಬಲಕ್ಕೆ ಅದು ಹಾಸಿಗೆ ಬಡಿದ ಹಾಗೆ ಡಬ್ ಎನ್ನುತ್ತಿತ್ತು. ಹಾಲಪ್ಪನಿಗಾದರೆ ಹೇಗಿದ್ದರೂ ನುಡಿಯುತ್ತಿತ್ತು. ಎಲ್ಲರೂ ಬಟಾಣಿ ಸೂಪು ಕುಡಿಯಲು ಅಡುಗೆಮನೆಗೆ ಹೋದಾಗ ನಾನು ಹಿಂದುಳಿದೆ. ಬಟ್ಟೆ ಒಣಗಿಸುವ ಕೋಣೆಯಿಂದ ಚಕ್ರದ ಮೇಲಿನ ಎಲೆಕ್ಟ್ರಿಕ್ ಹೀಟರನ್ನು ಎಳೆದು ತಂದು, ತೈಕೊದ ಮುಖಕ್ಕೆ ಒಂದು ಗೇಣು ದೂರದಲ್ಲಿಟ್ಟು, ಚರ್ಮ ಬಿಗಿ ಬರಲೆಂದು ಗುಂಡಿ ಪೂರ್ತಿ ತಿರುಗಿಸಿ ಹೋದೆ. ಸೂಪಿಗೆ ಬ್ರೆಡ್ ಅದ್ದಿಕೊಂಡು ತಿಂದೆ, ಎರಡನೇ ಸಲ ಬಡಿಸಿಕೊಂಡೆ.

ನಲವತ್ತು ನಿಮಿಷದ ಮೇಲೆ ಎಲ್ಲರಿಗಿಂತ ಮೊದಲು ಎದ್ದು ಬಂದೆ. ಮೊಳೆಗಳ ಸಾಲಿನ ಪಕ್ಕದಲ್ಲೇ ಚರ್ಮ ಮೊಳದುದ್ದ ಬಾಯಿ ಬಿಟ್ಟಿತ್ತು. ಅಯ್ಯೋ ದೇವರೇ! ಹೀಟರನ್ನು ವಾಪಸ್ಸು ಎಳೆದು ಒಣಗಿಸುವ ಕೋಣೆಯಲ್ಲಿಟ್ಟು, ಬಾತ್‌ರೂಮಿಗೆ ಹೋಗಿ ಮುಖ ತೊಳೆದು, ಆಮೇಲೆ ಎಲ್ಲರ ಜೊತೆ ಸೇರಿ ಹಾಲಿಗೆ ಬಂದೆ.

ಯಾನ್ನೆಕೆ ತೈಕೊ ನೋಡಿದಳು. ನೆಲದ ಮೇಲಿನ ಚಕ್ರದ ಗೀರು ನೋಡಿದಳು. ಕೂಗಾಡಲಿಲ್ಲ. ನಮ್ಮನ್ನು ಸಾಲಾಗಿ ನಿಲ್ಲಿಸಿದಳು. “ಇದರ ಚರ್ಮ ಬಿಗಿದದ್ದು ನನ್ನ ಗುರು. ಅವರು ಈಗಿಲ್ಲ. ಯಾರು ಮಾಡಿದ್ದು?” ಸಾಲಿನ ಈ ತುದಿಯಿಂದ ಆ ತುದಿಗೆ ನಡೆದಳು. “ಮಾಡಿದವರು ಒಪ್ಪಿಕೊಂಡರೆ ನಾಳಿನ ಪ್ರದರ್ಶನ ನಡೆಯುತ್ತದೆ. ಇಲ್ಲದಿದ್ದರೆ ಈಗಲೇ ಎಲ್ಲರೂ ಮನೆಗೆ ಹೋಗಿ.”

ಒಬ್ಬೊಬ್ಬರ ಕಣ್ಣೂ ಹಾಲಪ್ಪನ ಕಡೆ ತಿರುಗಿತು. ಹಪ್ಪಳದ ಕಥೆ ಯಾರು ಮರೆತಿದ್ದರು?

“ನಿಮ್ಮ ಊರಿನಲ್ಲಿ ಡ್ರಮ್ ಕಾಯಿಸುತ್ತೀರಿ,” ಎಂದಳು ಅವಳು.

“ಎಸ್, ಮೇಡಂ. ಬಟ್ ದಿಸ್ ಒನ್, ನೋ. ಐ ಡಿಡ್ ನಾಟ್.”

ಆಗ ಅವಳು ನನ್ನ ಕಡೆ ನೋಡಿದಳು. ನನ್ನ ಮೇಲೆ ಅನುಮಾನದಿಂದಲ್ಲ. ಅವನ ಕಡೆಯವನು, ಹಿರಿಯ, ಓದಿದವನು, ಇವನಿಗೆ ಗೊತ್ತಿರುತ್ತದೆ ಎಂದು. ಒಂದು ಮಾತು ಸಾಕಿತ್ತು. ನಾನು ಗಂಟಲು ಸರಿಮಾಡಿಕೊಂಡು, ಬಲು ಕನಿಕರದ ದನಿಯಲ್ಲಿ ಹೇಳಿದೆ: “ದಯವಿಟ್ಟು ಅವನ ಮೇಲೆ ಸಿಟ್ಟಾಗಬೇಡಿ. ಅವನು ಬೆಳೆದದ್ದೇ ಹಾಗೆ. ಕೆಟ್ಟ ಉದ್ದೇಶ ಖಂಡಿತ ಇರಲಿಲ್ಲ.”

ಅವನ ಪರ ಮಾತಾಡುತ್ತಲೇ ಅವನ ಕುತ್ತಿಗೆ ಕೊಯ್ದೆ. ಪಕ್ಕದವಳು ನನ್ನ ತೋಳು ತಟ್ಟಿ, ನೀವು ಎಷ್ಟು ಒಳ್ಳೆಯವರು ಎನ್ನುವಂತೆ ನೋಡಿದಳು.

ಹಾಲಪ್ಪ ನನ್ನನ್ನು ಒಮ್ಮೆ ನೋಡಿದ. ಸಿಟ್ಟಿರಲಿಲ್ಲ, ಲೆಕ್ಕ ಹಾಕುವವನ ನೋಟ. ಒಪ್ಪದಿದ್ದರೆ ಭಾನುವಾರವೇ ಇಲ್ಲ. ಒಪ್ಪಿದರೆ ದೊಡ್ಡದು ಹೋದರೂ ಹಿಂದಿನ ಸಾಲಿನ ಸಣ್ಣದು ಉಳಿದೀತು, ಮಗಳು ನೋಡಿಯಾಳು. “ಎಸ್ ಮೇಡಂ,” ಎಂದ. “ಐ ಡಿಡ್. ಸಾರಿ.”

“ನೀನು ಇನ್ನು ಯಾವ ತೈಕೊವನ್ನೂ ಮುಟ್ಟುವ ಹಾಗಿಲ್ಲ. ನಾಳೆ ಬಾಗಿಲಲ್ಲಿ ಕೂತು, ಬಂದವರ ಶೂ ಜೋಡಿಸು,” ಎಂದಳು ಯಾನ್ನೆಕೆ.

ಅವನು ಅವಳ ಹಿಂದೆಯೇ ಹೋದ. ಒಂದು ಸಣ್ಣದು, ಕಟ್ಟಕಡೆಯ ಸಾಲು, ಹತ್ತು ನಿಮಿಷ, ಎಂದು ಬೇಡಿದ. ಅವಳು ಇಲ್ಲ ಎಂದಳು. ಹಾಗಾದರೆ ಫೋನ್ ಕೊಡಿ, ಮಗಳಿಗೆ ಬರಬೇಡ ಎನ್ನುತ್ತೇನೆ ಎಂದ. ಫೋನು ಭಾನುವಾರ ಸಂಜೆಗೇ ಎಂದಳು. ಇದೆಲ್ಲ ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ಎರಡು ಹೆಜ್ಜೆ ಮುಂದೆ ಹೋಗಿ ‘ನಾನು’ ಅಂದರೆ ಮುಗಿಯುತ್ತಿತ್ತು. ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದರೆ, ಮಾನಕ್ಕೆ ಅಂಜಿದೆ. ಬೇರೆ ದೊಡ್ಡ ಕಾರಣ ಏನೂ ಇಲ್ಲ.

ಭಾನುವಾರ ಮಧ್ಯಾಹ್ನ ಮೂರಕ್ಕೆ ಜನ ಬರತೊಡಗಿದರು. ಹಾಲಪ್ಪ ಬಾಗಿಲಲ್ಲಿ ಮಂಡಿಯೂರಿ, ಒದ್ದೆ ಶೂಗಳನ್ನು ಬಟ್ಟೆಯಲ್ಲಿ ಒರೆಸಿ ಸಾಲಿಗಿಡುತ್ತಿದ್ದ. ಹೆಂಡತಿ ಸಮೀಕ್ಷಾ ಕಾರು ನಿಲ್ಲಿಸಲು ಹಿಂದುಳಿದಿದ್ದಳು, ನಿಸರ್ಗ ಮೊದಲು ಓಡಿ ಬಂದಳು. ಜಪಾನೀ ಅಕ್ಷರದ ಅಂಗಿ ಹಾಕಿದ್ದಳು, ಜೊತೆಗೆ ಒಬ್ಬಳು ಡಚ್ ಗೆಳತಿಯನ್ನೂ ಕರೆತಂದಿದ್ದಳು. ತೋರಿಸಲೆಂದೇ ಕರೆತಂದಿದ್ದಾಳೆ. ಅಪ್ಪನನ್ನು ತೋರಿಸಲು ಅವಳು ಯಾರನ್ನಾದರೂ ಕರೆತಂದದ್ದು ಅದೇ ಮೊದಲಿರಬೇಕು.

“ಪಪ್ಪಾ? ವೈ ಆರ್ ಯೂ ಡೂಯಿಂಗ್ ದ ಶೂಸ್?”

“ಇಲ್ಲಿ ಚಲೋ ಬಾರ್ಸೋರಷ್ಟ ಬಾರಸ್ತಾರವಾ,” ಎಂದ ಹಾಲಪ್ಪ, ಅವಳ ಶೂ ಲೇಸು ಬಿಚ್ಚುತ್ತ. “ಒಳಗ ಹೋಗು. ಅನಂತರಾಮ್ ಅಂಕಲ್ ಬಾರಸ್ತಾರ, ಚೆಂದ ಬಾರಸ್ತಾರ.”

ಗೆಳತಿ ಡಚ್ಚಿನಲ್ಲಿ ಏನೋ ಕೇಳಿದಳು. ನಿಸರ್ಗ ತಟ್ಟನೆ ಕಾಲು ಹಿಂದಕ್ಕೆ ಎಳೆದುಕೊಂಡು, ಡಚ್ಚಿನಲ್ಲೇ ಉತ್ತರಿಸಿದಳು. ಆ ಭಾಷೆ ನನಗೆ ಅಷ್ಟು ಬಾರದಿದ್ದರೂ ಅದು ಮಾತ್ರ ಅರ್ಥವಾಯಿತು. ಅವರು ಇಲ್ಲಿ ಕೆಲಸ ಮಾಡುತ್ತಾರೆ, ಎಂದಳು. ಹಾಲಪ್ಪನಿಗೂ ಅರ್ಥವಾಯಿತು, ಅವನ ಡಚ್ ನನಗಿಂತ ಚೆನ್ನಾಗಿದೆ. ಅವನು ಮುಂದಿನವರ ಶೂ ಎತ್ತಿಕೊಂಡ.

ದೊಡ್ಡದು ಹರಿದಿದ್ದರಿಂದ ಎರಡನೆಯ ತೈಕೊ ನಡುವೆ ಇಟ್ಟಿದ್ದರು. ಬಾರಿಸಿದೆ. ಎರಡು ಕಡೆ ತಪ್ಪಿದೆ, ಯಾರಿಗೂ ತಿಳಿಯಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಬಾಗಿಲ ಬಳಿ ಹಾಲಪ್ಪನೂ ಬ್ಯಾಂಡೇಜಿನ ಕೈಯಿಂದಲೇ ಚಪ್ಪಾಳೆ ಹೊಡೆಯುತ್ತಿದ್ದ. ಆ ಕೈಯಲ್ಲಿ ಸದ್ದು ಬರುತ್ತಿರಲಿಲ್ಲ.

ಮುಗಿದ ಮೇಲೆ ನಿಸರ್ಗ ಗೆಳತಿಯೊಡನೆ ನನ್ನ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡಳು. “ಅಂಕಲ್, ಯೂ ವರ್ ಅಮೇಜಿಂಗ್,” ಎಂದಳು. ಆಮೇಲೆ ದನಿ ಇಳಿಸಿ, “ಪಪ್ಪಾಗೆ ಬರೋದೇ ಇಲ್ವಾ? ಒಂದ್ ವೀಕ್ ಇದ್ರಲ್ಲ?” ಎಂದು ಕೇಳಿದಳು.

ಹಾಲಪ್ಪ ನಾಲ್ಕು ಹೆಜ್ಜೆ ದೂರದಲ್ಲಿ ನನ್ನ ಶೂ ಹಿಡಿದು ನಿಂತಿದ್ದ. ಕೇಳಿಸಿಕೊಳ್ಳುತ್ತಿದ್ದ. ಆ ಮಗುವಿಗೆ ಅವಳ ಅಪ್ಪನನ್ನು ವಾಪಸ್ಸು ಕೊಡಲು ನನಗೆ ದೇವರು ಕೊಟ್ಟ ಕೊನೆಯ ಅವಕಾಶ ಅದು.

“ಕಲೀತಿದ್ದಾರೆ ಪುಟ್ಟಿ,” ಎಂದೆ. “ಎಲ್ಲರಿಗೂ ಬರಲ್ಲ ಅದು.”

ಅವಳು ತಲೆಯಾಡಿಸಿ ಕಾರಿನ ಕಡೆ ಹೋದಳು. ಹಾಲಪ್ಪ ಬಂದು ನನ್ನ ಶೂಗಳನ್ನು ಕಾಲ ಬಳಿ ಇಟ್ಟ. ಆ ಹೊತ್ತಿಗೆ ಫೋನು ವಾಪಸ್ಸು ಬಂದಿತ್ತು, ಅವನ ಅಂಗಿಯ ಜೇಬಿನಲ್ಲಿತ್ತು. ತೆಗೆಯಲಿಲ್ಲ. ಆ ವಿಡಿಯೋ ಅವನು ಆವತ್ತೂ ತೋರಿಸಲಿಲ್ಲ, ಈ ಒಂದು ವರ್ಷದಲ್ಲೂ ತೋರಿಸಿಲ್ಲ. ನಾನು ಅವನ ಮುಖ ನೋಡಲಾರದೆ ಬಗ್ಗಿದೆ. ಅವನೂ ಬಗ್ಗಿ, ಬೇರೆಯವರಿಗೆ ಕೇಳದಂತೆ, ಪಾಠ ಹೇಳುವವನ ಹಾಗೆ ನಿಧಾನವಾಗಿ ಹೇಳಿದ.

“ಹೀಟರ್ ಎರಡು ಮೊಳ ದೂರ ಇಟ್ಟಿದ್ರ ಹರೀತಿರಲಿಲ್ರಿ ಸರ್. ನನ್ನ ಕೇಳಿದ್ರ ನಾನ ಕಾಯಿಸಿ ಕೊಡ್ತಿದ್ದೆ.”

ಶೂ ಹಾಕಿಕೊಂಡೆ. ಒಳಗೆ ಬೆಚ್ಚಗಿತ್ತು. ಮಳೆಗೆ ನೆನೆದದ್ದೆಂದು ಅದನ್ನವನು ಅದೇ ಹೀಟರಿನ ಮುಂದೆ, ಎರಡು ಮೊಳ ದೂರದಲ್ಲಿಟ್ಟು ಒಣಗಿಸಿದ್ದ.